ಬಾಯಿಬಿಟ್ಟು ಹೇಳಲಾರದ ವಿಳಾಸ

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕುಳಿತು ನಾನು ಮಂದಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾಡುವುದು ಕಷ್ಟವಲ್ಲ. ಮಾಡಿದ್ದಕ್ಕೊಂದು ವಿಳಾಸ ಇಡುವಾಗ ಮಾತ್ರ ನನ್ನ ಪಿತ್ತ ನೆತ್ತಿಗೇರುತ್ತದೆ. ಇಂಟರ್‌ನೆಟ್ಟಿನ ವಿಳಾಸವೆಂದರೆ ಏನು ಮಹಾ? ನಿಮ್ಮ ಮುಖ ಕಾಣದ ದೂರದ ಊರಿನವನೊಬ್ಬ ತನಗೆ ಬೇಕಾದ ಸಾಮಾನು ಹುಡುಕುವಾಗ ಅವನ ಬಾಯಲ್ಲಿ ಯಾವ ಮಾತಿರುತ್ತದೋ ಅದು. ಎಲೆ ಬೇಕಾದವನು ವೀಳ್ಯದೆಲೆ ಎಂದು ಹುಡುಕುತ್ತಾನೆ, ಬಿತ್ತುವವನು ಬೀಜ ಎಂದು. ಚಿಕ್ಕದಾಗಿರಲಿ, ಸಾಮಾನಿನ ಹೆಸರು ಇರಲಿ, ಊರಿನ ಹೆಸರು ಇರಲಿ, ಪದಗಳ ನಡುವೆ ಒಂದು ಸಣ್ಣ ಗೆರೆ ಇರಲಿ. ಇಷ್ಟು ಹೇಳಿದರೆ ಎದುರಿಗೆ ಕುಳಿತವರ ಮುಖ ಬಾಡಿಹೋಗುತ್ತದೆ. “ಇದರಾಗ ನಮ್ಮ ಹೆಸರ ಇಲ್ಲಲ್ರಿ?” ಅನ್ನುತ್ತಾರೆ.

ಸವಣೂರಿನ ಎಲೆ ವ್ಯಾಪಾರಿಯೊಬ್ಬರಿಗೆ ವಿಳಾಸದ ಕೊನೆಯಲ್ಲಿ ತಮ್ಮ ಗಾಡಿಯ ನಂಬರು ಬೇಕಿತ್ತು. ಅದು ಅವರಿಗೆ ಕೂಡಿಬಂದ ನಂಬರಂತೆ. ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿಯವರು ಮೊದಲಿಗೆ ಶ್ರೀ ಹಾಕಲೇಬೇಕೆಂದು ಹಟ ಹಿಡಿದರು. ಒಂದು ಹಾಕಿದೆ. ಸಾಲದು, ಮನೆದೇವರಿಗೊಂದು, ಗುರುಗಳಿಗೊಂದು ಬೇರೆ ಬೇಕೆಂದರು. ಶಿಗ್ಗಾವಿಯ ಫರ್ನಿಚರ್ ಅಂಗಡಿಯವರಂತೂ ನನ್ನನ್ನು ಗೆದ್ದೇಬಿಟ್ಟರು. ಯಾರಿಗೂ ತಿಳಿಯದಂಥ ವಿಳಾಸ ಕೊಡಿರಿ ಎಂದರು. ಯಾಕೆಂದು ಕೇಳಿದೆ. “ಎಲ್ಲಾರೂ ನೋಡಿದ್ರ ದೃಷ್ಟಿ ಆಗ್ತೈತ್ರಿ” ಅಂದರು. ಯಾರೂ ನೋಡಬಾರದು ಅನ್ನುವವರಿಗೆ ವೆಬ್‌ಸೈಟ್ ಯಾಕೆ, ಮಂಚದ ಕೆಳಗೆ ಒಂದು ಟ್ರಂಕು ಸಾಕಲ್ಲ ಎಂದು ನಾನು ಹೇಳಲಿಲ್ಲ. ಹೊಟ್ಟೆಪಾಡು ನೋಡಿ.

ಇನ್ನು ಅವರು ಕಳಿಸುವ ಫೈಲುಗಳ ಹೆಸರು ನೋಡಬೇಕು. ಮೊದಲು ‘ಫೈನಲ್’ ಬರುತ್ತದೆ. ಮರುದಿನ ‘ಹೊಸ ಫೈನಲ್’. ಆಮೇಲೆ ‘ಇದೇ ಫೈನಲ್ ನೋಡ್ರಿ’. ಒಬ್ಬರು ‘ದೇವರಾಣಿ ಫೈನಲ್’ ಎಂದು ಕಳಿಸಿದ್ದರು, ಅದರ ಮರುದಿನವೇ ಇನ್ನೊಂದು ಬಂತು. ಫೋಟೊಗಳಿಗಂತೂ ಹೆಸರೇ ಇರುವುದಿಲ್ಲ, ಕ್ಯಾಮೆರಾ ಕೊಟ್ಟ ಅಂಕಿಯೇ ಅವುಗಳ ಹಣೆಬರಹ. ಮಗನಿಗೆ ಹೆಸರಿಡಲು ಜ್ಯೋತಿಷಿ, ಸೋದರತ್ತೆ, ಐದು ಊರಿನ ಬೀಗರು ಎಲ್ಲರನ್ನೂ ಕೂಡಿಸುವ ಜನ ತಾವು ಮಾರುವ ಸಾಮಾನಿನ ಫೋಟೊಕ್ಕೆ ಒಂದು ಹೆಸರು ಇಡಲಾರರು. ಹುಡುಕುವ ಯಂತ್ರಕ್ಕೆ ಕಣ್ಣಿಲ್ಲ, ನೀವಿಟ್ಟ ಹೆಸರು ಓದಿಯೇ ಅದು ಒಳಗೇನಿದೆ ಎಂದು ತಿಳಿಯುತ್ತದೆ ಎಂದು ನಾನು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ.

ಇದೆಲ್ಲ ಗಿರಾಕಿಗಳ ಮಾತು, ನಕ್ಕು ಮರೆಯಬಹುದು. ನಗಲಾರದ್ದು ನನ್ನ ಸ್ವಂತ ಅಕ್ಕನ ಮನೆಯಲ್ಲಿ ನಡೆಯಿತು.

ನಮ್ಮ ತವರು ಹಿರೇಬೆಂಡಿಗೇರಿ. ಅಕ್ಕನನ್ನು ಅಕ್ಕಿಆಲೂರಿಗೆ ಕೊಟ್ಟಿದ್ದು. ಅವಳ ಗಂಡನದು ಅಕ್ಕಿ ವ್ಯಾಪಾರ, ಅಪ್ಪನ ಕಾಲದಿಂದ ಬಂದ ಅಂಗಡಿ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ಮನೆಯಲ್ಲಿ ಮಾಮಾನ ತಾಯಿ, ಅಂದರೆ ಅಕ್ಕನ ಅತ್ತೆ, ಇದ್ದಾರೆ. ಮಾವನವರು ತೀರಿಕೊಂಡು ಬಹಳ ವರ್ಷಗಳಾದವು, ಅಂಗಡಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಎಲ್ಲರ ಮೇಲೆ ಕಣ್ಣಿಟ್ಟಿದ್ದಾರೆ. ಮಕ್ಕಳ ಮದುವೆ ಮುಗಿದ ಮೇಲೆ ಅಕ್ಕ ಹಿತ್ತಲಿನ ಪಡಸಾಲೆಯಲ್ಲಿ ಒಲೆ ಹೂಡಿ ಕಡಕ್ ರೊಟ್ಟಿ ಮಾಡಿ ಮಾರಲು ಶುರುಮಾಡಿದಳು. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ. ಅವಳಿಗೆ ಜೊತೆಯಾಗಿ ಊರಾಚೆಯ ಕೇರಿಯಿಂದ ಒಬ್ಬ ಹೆಂಗಸು ಬರುತ್ತಾಳೆ. ಇಬ್ಬರೂ ಎದುರುಬದುರು ಕುಳಿತು ರೊಟ್ಟಿ ಬಡಿಯಲು ಶುರುಮಾಡಿದರೆ ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಅಕ್ಕ ಬಡಿದ ರೊಟ್ಟಿ ತಿಂಗಳಿಟ್ಟರೂ ಮೆತ್ತಗಾಗುವುದಿಲ್ಲ. ಹೊಲ ಮಾಮಾನದು, ಅಂಗಡಿ ಮಾಮಾನದು, ಮನೆ ಮಾವನವರ ಹೆಸರಿನಲ್ಲಿದೆ. ಆ ಮನೆಯಲ್ಲಿ ಅಕ್ಕನದು ಅಂತ ಇರುವುದು ಈ ರೊಟ್ಟಿ ಒಂದೇ. ಅದು ನಾಲ್ಕೂರಿಗೆ ಹೋಗಬೇಕು, ತಾನು ಕಣ್ಮುಚ್ಚುವುದರೊಳಗೆ ಜನ ಇದು ಅವಳ ರೊಟ್ಟಿ ಎಂದು ಹೇಳಬೇಕು ಅನ್ನುವುದು ಅವಳ ಆಸೆ.

ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆಂದೆ. ವಿಳಾಸವನ್ನೂ ಗೊತ್ತುಮಾಡಿಕೊಂಡು ಹೋಗಿದ್ದೆ. ಅಕ್ಕಿಆಲೂರು, ಕಡಕ್, ರೊಟ್ಟಿ, ನಡುವೆ ಎರಡು ಗೆರೆ. ಮೂರೇ ಪದ. ಹಸಿದವನು ಇನ್ನೇನು ಹುಡುಕುತ್ತಾನೆ?

ಮಾಮಾ ಚಹಾ ಕುಡಿಯುತ್ತ ಕೇಳಿಸಿಕೊಂಡರು. “ಅಂಗಡಿ ಬೋರ್ಡಿನ್ಯಾಗ ಹೆಂಗೈತೋ ಹಂಗ ಇರ್ಲಿ ತಗಿ” ಎಂದರು.

“ಬೋರ್ಡಿನ್ಯಾಗ ರೊಟ್ಟಿ ಇಲ್ರಿ ಮಾಮಾ.”

“ರೊಟ್ಟಿ ಎಲ್ಲಿಂದ ಬಂತವಾ? ನಮ್ಮ ಮನ್ಯಾಗಿಂದ ಬಂತು. ಮನಿತನದ ಹೆಸರು ಮೊದಲ, ರೊಟ್ಟಿ ಆಮ್ಯಾಲ.”

ಬೋರ್ಡಿನಲ್ಲಿ ಇದ್ದದ್ದು ಹೀಗೆ: ಮೊದಲು ಶ್ರೀ, ಆಮೇಲೆ ಮಾವನವರ ಪೂರ್ತಿ ಹೆಸರು, ಆಮೇಲೆ ಮಾಮಾನ ಪೂರ್ತಿ ಹೆಸರು, ಮತ್ತು ಮಕ್ಕಳು, ಅಕ್ಕಿ ವ್ಯಾಪಾರಿಗಳು ಹಾಗೂ ಕಮಿಷನ್ ಏಜೆಂಟರು, ಅಕ್ಕಿಆಲೂರು. ಇದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಒಂದಕ್ಕೊಂದು ಅಂಟಿಸಿ ವಿಳಾಸ ಮಾಡಿಸಿದರು. ನಡುವೆ ಗೆರೆಯೂ ಬೇಡವೆಂದರು, ತಂದೆ-ಮಕ್ಕಳ ನಡುವೆ ಗೆರೆ ಎಳೆಯಬಾರದಂತೆ. ಪ್ಯಾಕೆಟ್ಟಿನ ಚೀಟಿಯ ಮೇಲೆ ಅಚ್ಚು ಹಾಕಿಸಿದಾಗ ವಿಳಾಸದ ಅರ್ಧ ಮಡಿಕೆಯೊಳಗೆ ಹೋಯಿತು. ಪಾಸ್‌ವರ್ಡ್ ತಮ್ಮ ಹತ್ತಿರವೇ ಇರಲಿ ಎಂದು ಇಸಿದುಕೊಂಡು, ಅಕ್ಕಿಯ ಚೀಲದ ಪಕ್ಕ ತಾವು ನಿಂತ ಫೋಟೊ, ಶಾಲು ಹೊದಿಸಿಕೊಂಡ ಫೋಟೊ, ಟ್ರ್ಯಾಕ್ಟರಿಗೆ ಪೂಜೆ ಮಾಡುವ ಫೋಟೊ ಎಲ್ಲ ಏರಿಸಿದರು. ರೊಟ್ಟಿಗೂ ಒಂದು ಪುಟ ಮಾಡಿದರು, ಇಲ್ಲವೆನ್ನಲಾಗದು. ಆ ಪುಟಕ್ಕೆ ಅವರಿಟ್ಟ ಹೆಸರು ‘ನ್ಯೂ ಪೇಜ್ ಕಾಪಿ’. ರೊಟ್ಟಿಯ ಫೋಟೊದ ಹೆಸರು ಬರೀ ಅಂಕಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಇಲ್ಲಿ ಹಿಟ್ಟು ಬೇಕಾದಷ್ಟಿತ್ತು, ಜುಟ್ಟು ಅದನ್ನು ಮುಚ್ಚಿಬಿಟ್ಟಿತ್ತು.

ಇಲ್ಲಿಯ ತನಕ ನಾನು ಮಾಮಾನ ಹೆಸರಾಗಲಿ ಅವರ ತಂದೆಯ ಹೆಸರಾಗಲಿ ಹೇಳಿಲ್ಲ. ಮುಂದೆಯೂ ಹೇಳುವುದಿಲ್ಲ. ನನಗೆ ಹೇಳಲು ಬರುತ್ತದೆ, ಮನಸ್ಸಿಲ್ಲ. ಅಕ್ಕನಿಗೆ ಮನಸ್ಸಿದ್ದರೂ ಬಾಯಿಗೆ ಬರುವುದಿಲ್ಲ. ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಬೇರೆಯವರ ಮುಂದೆಯೂ ಅನ್ನುವುದಿಲ್ಲ. ಮಾವನ ಹೆಸರಂತೂ ಕನಸಿನಲ್ಲೂ ಅನ್ನುವಂತಿಲ್ಲ. ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ಬೀಡಿ ಸೇದಿದರೆ ಆಗದ್ದು ಹೆಸರು ಹೇಳಿದರೆ ಆಗುತ್ತದಂತೆ. ಮಾಮಾ ತಮ್ಮ ವೈಭವದ ವಿಳಾಸ ಕಟ್ಟುವಾಗ ಇದು ಅವರಿಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಎಲ್ಲರ ಹೆಸರೂ ಬಾಯಿತುಂಬ ಹೇಳಿಕೊಂಡು ಬಂದವರಿಗೆ ಹೇಗೆ ಹೊಳೆಯಬೇಕು? ಸಿಟ್ಟಿನಲ್ಲಿದ್ದ ನನಗೂ ಹೊಳೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವವರೊಬ್ಬರು ಯಾವುದೋ ಮದುವೆಯಲ್ಲಿ ಅಕ್ಕನ ರೊಟ್ಟಿ ಉಂಡು, ಪ್ಯಾಕೆಟ್ಟಿನ ಮೇಲಿನ ನಂಬರು ಹಚ್ಚಿ ಫೋನ್ ಮಾಡಿದರು. ವಾರವಾರ ರೊಟ್ಟಿ ಬೇಕು, ವರ್ಷವಿಡೀ ಬೇಕು ಎಂದರು. ಅಕ್ಕ ಎದ್ದು ನಿಂತೇ ಮಾತಾಡಿದಳಂತೆ. ನಾನು ಅಲ್ಲಿರಲಿಲ್ಲ, ಇದ್ದಿದ್ದರೆ ಫೋನು ಕಸಿದುಕೊಂಡು ಆ ಹೆಸರುಗಳನ್ನು ಕಿರುಚುತ್ತಿದ್ದೆ. ರೊಟ್ಟಿ ಬಡಿಯುವ ಆ ಹೆಂಗಸು ಆಮೇಲೆ ನನಗೆ ಎಲ್ಲವನ್ನೂ ಆಡಿ ತೋರಿಸಿದಳು.

“ನಿಮ್ಮ ವೆಬ್‌ಸೈಟ್ ಅಡ್ರೆಸ್ ಹೇಳ್ರಿ ಅಕ್ಕಾರ. ನಮ್ಮ ಪಾರ್ಟ್ನರ್ ಒಮ್ಮೆ ನೋಡಬೇಕಂತಾನ” ಎಂದರು ಖಾನಾವಳಿಯವರು.

“ಅದು ನಮ್ಮ ಮಾವ್ನೋರ ಹೆಸರಿನಿಂದ ಸುರು ಆಗ್ತೈತ್ರಿ” ಎಂದಳು ಅಕ್ಕ.

“ಆತು, ಹೇಳ್ರಿ.”

“ಆಮ್ಯಾಲ ನಮ್ಮ ಮನಿಯವರ ಹೆಸರು ಬರ್ತೈತ್ರಿ.”

“ಬರ್ಲಿ ತಗೋರಿ. ಏನಂತ ಹೆಸರು?”

ಲಿಂಕ್ ಕಳಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕಳಿಸಬಹುದಿತ್ತು, ಅಕ್ಕನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು ಆಗಿರದಿದ್ದರೆ, ಒಳ್ಳೆಯ ಫೋನು ಮಾಮಾನ ಕಿಸೆಯಲ್ಲಿ ಇರದಿದ್ದರೆ. ಅಕ್ಕ ಅತ್ತೆಯನ್ನು ಕರೆದಳು. ಅತ್ತೆ ಫೋನು ಹಿಡಿದು ಮಗನ ಹೆಸರನ್ನು ಅಭಿಮಾನದಿಂದ ಎರಡು ಸಲ ಹೇಳಿದರು.

“ಅದಕ್ಕಿಂತ ಮೊದಲಿಂದು ಏನ್ರಿ ಅಮ್ಮಾರ?”

“ಅದು ನನ್ನ ಬಾಯಾಗ ಬರೂದಿಲ್ಲಪಾ. ಅವರು ನಮ್ಮ ಯಜಮಾನ್ರು.”

ಕೊನೆಗೆ ಫೋನು ರೊಟ್ಟಿ ಬಡಿಯುವ ಹೆಂಗಸಿನ ಕೈಗೆ ಹೋಯಿತು. ಅವಳಿಗೆ ಆ ಹೆಸರಿನವರಿಬ್ಬರೂ ಸಾವುಕಾರರು. ದೊಡ್ಡ ಸಾವುಕಾರರು, ಸಣ್ಣ ಸಾವುಕಾರರು. “ಸಾವ್ಕಾರ್ರ ಹೆಸರು ನಾವು ಹೆಂಗ ಅನ್ನೂದ್ರಿ? ನಾಳೆ ಯಾರರ ಕೇಳಿದ್ರ ನಮ್ಮ ಕೇರಿಗೆ ಬಂದು ಬೈತಾರ” ಎಂದು ಅವಳು ಫೋನನ್ನು ಅಕ್ಕನಿಗೆ ವಾಪಸು ಕೊಟ್ಟಳು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂಬ ಗಾದೆಯನ್ನು ಯಾರೋ ಗಂಡಸು ಕಟ್ಟಿರಬೇಕು. ಮೂರು ಜನ ಹೆಂಗಸರು, ಮೂವರಿಗೂ ಬಾಯಿತ್ತು, ಮೂವರೂ ಆ ವಿಳಾಸವನ್ನು ಬಲ್ಲರು.

ಮಾಮಾ ಆ ಹೊತ್ತಿನಲ್ಲಿ ಸಂತೆಯಲ್ಲಿ ಇಸ್ಪೀಟಿಗೆ ಕುಳಿತಿದ್ದರು, ಫೋನ್ ಎತ್ತಲಿಲ್ಲ. ಖಾನಾವಳಿಯವರು ಒಳ್ಳೆಯ ಮನುಷ್ಯ. “ಇರ್ಲಿ ಬಿಡ್ರಿ, ನಾನ ಹುಡುಕ್ತೇನಿ” ಎಂದರು. ಹುಡುಕಿದರು ಕೂಡ. ಏನೆಂದು ಹುಡುಕಿರಬಹುದು? ಕಡಕ್ ರೊಟ್ಟಿ ಎಂದು. ಅಕ್ಕನ ರೊಟ್ಟಿ ನ್ಯೂ ಪೇಜ್ ಕಾಪಿಯೊಳಗೆ, ಒಂದು ಅಂಕಿಯ ಹಿಂದೆ ಅವಿತುಕೊಂಡಿತ್ತು. ಸವಣೂರಿನ ಕಡೆಯ ಇನ್ನಾರದೋ ರೊಟ್ಟಿ ಮುಂದೆ ಬಂದು ನಿಂತಿತು. ಅವರ ವಿಳಾಸದಲ್ಲಿ ಊರಿತ್ತು, ರೊಟ್ಟಿ ಇತ್ತು, ಬೇರೇನೂ ಇರಲಿಲ್ಲ. ಆರ್ಡರು ಅಲ್ಲಿಗೆ ಹೋಯಿತು.

ಆ ಸಂಜೆ ಅಕ್ಕ ನನಗೆ ಫೋನ್ ಮಾಡಿ ಅತ್ತಳು. ಅವಳು ಅಳುವವಳಲ್ಲ. “ನನ್ನ ರೊಟ್ಟಿ ಅವಂಗ ಬೇಕಾಗಿತ್ತವಾ. ನಾನ ಹೇಳ್ಲಿಲ್ಲ” ಎಂದಳು. ನನಗೆ ಮೈಯೆಲ್ಲ ಉರಿಯಿತು. ನೀನು ಹೇಳಲಿಲ್ಲವೇ, ಹೇಳಲಾಗದಂತೆ ಬಾಗಿಲಿಗೆ ಬೀಗ ಜಡಿದವರು ಯಾರು ಎಂದೆ. ಮರುದಿನದ ಮೊದಲ ಬಸ್ಸಿಗೇ ಅಕ್ಕಿಆಲೂರಿಗೆ ಹೋಗಿ ಮಾಮಾನ ಎದುರು ನಿಂತೆ.

ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಹೆಸರಿಗೆ ಇಷ್ಟು ಬೆಲೆಯಿದೆ ಎಂದು ಅವರಿಗೆ ಖುಷಿಯೇ ಆಗಿತ್ತು. “ಅಷ್ಟ ಅಲ್ಲ? ಒಡಪು ಹಾಕಿ ಹೇಳ್ಬೇಕಿತ್ತವಾ!” ಎಂದರು.

ಒಡಪು ಅಂದರೆ ನಮ್ಮ ಕಡೆ ಮದುವೆ-ಸೀಮಂತದಲ್ಲಿ ಹೆಂಗಸರು ಪ್ರಾಸ ಕಟ್ಟಿ, ಅದರ ಬಾಲಕ್ಕೆ ಗಂಡನ ಹೆಸರು ಕಟ್ಟಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಮಾಮಾ ಬಿಡಲಿಲ್ಲ. ಮುಂದಿನ ಸಲ ಯಾರೋ ಫೋನ್ ಮಾಡಿದಾಗ ಎದುರಿಗೇ ಕುಳಿತು ಅಕ್ಕನಿಂದ ಒಡಪು ಹಾಕಿಸಿದರು. ಅವಳೂ ಬಿಡಲಿಲ್ಲ, ಎಲ್ಲರೆದುರು ಹೊಸದೊಂದು ಕಟ್ಟಿದಳು:

“ಬುಟ್ಟಿ ತುಂಬ ರೊಟ್ಟಿ, ಬಡದ ಕೈ ಗಟ್ಟಿ,
ಉಣ್ಣಾಕ ಕುಂತಾರ ರುಮಾಲ ಕಟ್ಟಿ...”

ಎಂದು, ಕೊನೆಗೆ ಗಂಡನ ಹೆಸರು ಹೇಳಿ ನಿಲ್ಲಿಸಿದಳು. ಮಾಮಾ ಚಪ್ಪಾಳೆ ಹೊಡೆದರು, ಒಡಪಿನ ಒಳಪೆಟ್ಟು ಅವರಿಗೆ ತಾಗಲಿಲ್ಲ. ಆದರೆ ಅದು ವಿಳಾಸದ ಅರ್ಧ ಅಷ್ಟೇ. ಮಾವನ ಹೆಸರಿಗೆ ಒಡಪು ಹಾಕುವ ಪದ್ಧತಿ ಯಾವ ಊರಿನಲ್ಲೂ ಇಲ್ಲ, ಎದುರಿಗೇ ಕುಳಿತ ಮಾಮಾನಿಗೆ ಅದನ್ನು ತಾವೇ ಹೇಳಬಹುದೆಂದು ಹೊಳೆಯಲೂ ಇಲ್ಲ. ಫೋನಿನ ಆ ಕಡೆಯವರು ನಗುತ್ತ ಇನ್ನೊಂದು ಹಾಡು ಹೇಳ್ರಿ ಎಂದರು, ರೊಟ್ಟಿ ಮಾತ್ರ ಕೊಳ್ಳಲಿಲ್ಲ.

ಮುಂದಿನ ವಾರ ಅಕ್ಕ ಒಬ್ಬಳೇ ಹಾನಗಲ್ಲಿಗೆ ಬಂದು ನನ್ನ ಖೋಲಿಯ ಮೆಟ್ಟಿಲು ಹತ್ತಿದಳು. ಕುರ್ಚಿಯಲ್ಲಿ ಕುಳಿತವಳೇ, “ನನಗೊಂದು ಬ್ಯಾರೆ ಮಾಡಿಕೊಡು” ಎಂದಳು.

ನಾನು ನನ್ನ ಹಳೆಯ ಮೂರು ಪದ ತೆಗೆದೆ. ಊರು, ಕಡಕ್, ರೊಟ್ಟಿ. ಅವಳು ತೆರೆಯನ್ನು ಬಹಳ ಹೊತ್ತು ನೋಡಿದಳು.

“ಇದರ ಮುಂದ ನನ್ನ ಹೆಸರು ಸಣ್ಣಂಗ ಒಂದು ಕೂಡಸಾಕ ಬರ್ತೈತೇನು?”

ಎಲ್ಲ ಗಿರಾಕಿಗಳಿಗೂ ಹೇಳುವ ಪಾಠವನ್ನೇ ಅವಳಿಗೂ ಶುರುಮಾಡಿದೆ. ಹಸಿದವರು ಹೆಸರು ಹುಡುಕುವುದಿಲ್ಲ ಅಕ್ಕಾ, ರೊಟ್ಟಿ ಹುಡುಕುತ್ತಾರೆ. ವಿಳಾಸ ಗಿಡ್ಡವಿದ್ದಷ್ಟು ಒಳ್ಳೆಯದು. ಅವಳು ಕೇಳಿಸಿಕೊಂಡಳು. “ನಿಂದು ಖರೆ ಐತಿ” ಎಂದಳು. “ಆದ್ರೂ ಇರ್ಲಿ. ಮೂವತ್ತು ವರ್ಷದ ಮ್ಯಾಲಾತು, ಆ ಮನ್ಯಾಗ ಅದನ್ನ ಯಾರೂ ಅಂದಿಲ್ಲ.”

ಆಗ ನನಗೆ ತಿಳಿಯಿತು, ಅವಳು ಯಾವ ಹೆಸರಿನ ಮಾತಾಡುತ್ತಿದ್ದಾಳೆಂದು. ಮದುವೆಯಲ್ಲಿ ಅವಳ ಹೆಸರು ಬದಲಿಸಿದ್ದರು. ಗಂಡನ ಹೆಸರಿಗೆ ಜೋಡಿಯಾಗಬೇಕೆಂದು ಹೊಸದೊಂದು ಇಟ್ಟರು. ರೇಷನ್ ಕಾರ್ಡಿನಲ್ಲಿ, ಓಟಿನ ಚೀಟಿಯಲ್ಲಿ, ಬೀಗರ ಬಾಯಲ್ಲಿ ಇರುವುದು ಆ ಹೊಸ ಹೆಸರು. ಹಿರೇಬೆಂಡಿಗೇರಿಯಲ್ಲಿ ಅವ್ವ ಕೂಗುತ್ತಿದ್ದ ಹೆಸರು ಬೇರೆ, ಎರಡೇ ಅಕ್ಷರದ್ದು. ಅವ್ವ ಹೋದ ಮೇಲೆ ಅದನ್ನು ಕೂಗುವವರಿಲ್ಲ. ನಾನಂತೂ ಹುಟ್ಟಿದಾಗಿನಿಂದ ಅಕ್ಕ ಎಂದೇ ಕರೆದವಳು. ಕ್ಯಾಮೆರಾ ತನಗೆ ತೋಚಿದ ಅಂಕಿಯನ್ನು ಫೋಟೊಕ್ಕೆ ಹಚ್ಚುವ ಹಾಗೆ ಆ ಮನೆಯವರು ಅವಳಿಗೊಂದು ಹೆಸರು ಹಚ್ಚಿದ್ದರು, ನಾವೆಲ್ಲ ಮದುವೆಯ ಹುಗ್ಗಿ ಉಂಡು ಬಂದಿದ್ದೆವು.

ನನ್ನ ನಿಯಮ ಮುರಿದೆ. ಮೊದಲು ಆ ಎರಡಕ್ಷರ, ಆಮೇಲೆ ಕಡಕ್ ರೊಟ್ಟಿ, ಆಮೇಲೆ ಅಕ್ಕಿಆಲೂರು, ನಡುನಡುವೆ ಗೆರೆ. ಒಂದೊಂದು ಚಟ್ನಿಗೂ ಅದರದೇ ಪುಟ, ಅದರದೇ ಹೆಸರು. ಫೋಟೊ ನಾನೇ ತೆಗೆದು, ಸಜ್ಜೆ ರೊಟ್ಟಿಗೆ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಗೆ ಗುರೆಳ್ಳು ಚಟ್ನಿ ಎಂದೇ ಹೆಸರಿಟ್ಟೆ. ನನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟು, ಪಾಸ್‌ವರ್ಡ್ ಅವಳ ಕೈಯಿಂದಲೇ ಒತ್ತಿಸಿದೆ. ಮಾಮಾನಿಗೆ ಸುದ್ದಿ ತಿಳಿದಾಗ, “ಮಾಡ್ಕೊಳ್ಲಿ ಬಿಡು, ಹೆಣ್ಮಕ್ಕಳ ಆಟ” ಎಂದರಂತೆ. ಅವರ ಉದ್ದನೆಯ ವಿಳಾಸ ಇನ್ನೂ ಇದೆ. ಅದನ್ನು ನೋಡುವವರು ಅವರೊಬ್ಬರೇ, ದಿನಕ್ಕೆ ನಾಲ್ಕೈದು ಸಲ ನೋಡುತ್ತಾರೆ.

ಮಳೆಗಾಲ ಹಿಡಿಯಿತು. ಹುಬ್ಬಳ್ಳಿಯ ಖಾನಾವಳಿಗೆ ಬರುತ್ತಿದ್ದ ರೊಟ್ಟಿ ಥಂಡಿಗೆ ಮೆತ್ತಗಾಗತೊಡಗಿತೆಂದು ಕಾಣುತ್ತದೆ. ಅವರು ಮತ್ತೆ ಹುಡುಕಿದರು, ಈ ಸಲ ಅಕ್ಕ ಸಿಕ್ಕಳು. ಮೊದಲ ಬುಟ್ಟಿಗಳನ್ನು ಕಟ್ಟುವ ದಿನ ನಾನೂ ಕೈಜೋಡಿಸಲು ಹೋಗಿದ್ದೆ. ಅಕ್ಕ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಸುತ್ತುತ್ತಿದ್ದಳು, ಅತ್ತೆ ಕಟ್ಟೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಮಾಮಾ ಮೂಲೆಯ ಕುರ್ಚಿಯಲ್ಲಿ ಫೋನು ತಿಕ್ಕುತ್ತಿದ್ದರು. ಧಾರವಾಡದಿಂದ ಯಾರೋ ಹೊಸ ಗಿರಾಕಿ ಫೋನ್ ಮಾಡಿ ವೆಬ್‌ಸೈಟಿನ ವಿಳಾಸ ಕೇಳಿದರು. ಅಕ್ಕ ಒಂದೇ ಉಸಿರಿನಲ್ಲಿ ಹೇಳಿದಳು. ತನ್ನ ಎರಡಕ್ಷರವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು, ಆ ಕಡೆಯವರು ಕೇಳದಿದ್ದರೂ ಇನ್ನೊಮ್ಮೆ ಹೇಳಿದಳು.

ಅತ್ತೆಯ ಕೈ ನಿಂತಿತು. “ಅದು ಯಾರ ಹೆಸರು?”

“ನಂದ್ರಿ ಅತ್ತಿ. ತವರಮನ್ಯಾಗಿಂದು.”

ಅತ್ತೆ ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದರು. ಹೊಸ ಹೆಸರನ್ನು ಆರಿಸಿದವರು ಅವರೇ, ಏನಾದರೂ ಅನ್ನುತ್ತಾರೆ ಎಂದು ನಾನು ಮೈಯೆಲ್ಲ ಕಿವಿಯಾಗಿ, ತಿರುಗಿ ಅನ್ನಲು ನಾಲಿಗೆ ಮಸೆದುಕೊಂಡು ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ಸರಿದು ದನಿ ತಗ್ಗಿಸಿದರು.

“ತಂಗಿ, ಅಂಥಾದು ನನಗೂ ಒಂದು ಮಾಡಾಕ ಬರ್ತೈತೇನು?”

“ಬರ್ತೈತ್ರಿ. ಏನ್ ಮಾರೂದೈತ್ರಿ?”

“ಮಾರೂದೇನೂ ಇಲ್ಲವಾ. ಸುಮ್ನ ಇರ್ಲಿ ಅಂತ.”

ಹೆಸರೇನು ಎಂದು ಕೇಳಿದೆ. ಅವರು ಸೆರಗಿನಿಂದ ಬಾಯೊರೆಸಿಕೊಂಡು, ಹುಟ್ಟಿದ ಮನೆಯಲ್ಲಿ ತಮ್ಮನ್ನು ಕರೆಯುತ್ತಿದ್ದ ಹೆಸರನ್ನು ಹೇಳಿದರು. ಚಂದದ ಹೆಸರು. ನಾನು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ, ಸರಿಯಾಯಿತೇ ಎಂದು ಅದನ್ನು ಗಟ್ಟಿಯಾಗಿ ಓದಿದೆ. ಅಪ್ಪನ ಹೆಸರು, ಅಜ್ಜನ ಹೆಸರು, ಏಳು ತಲೆಮಾರಿನ ಗಂಡಸರ ಹೆಸರನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲ ಮಾಮಾ ಫೋನಿನಿಂದ ತಲೆಯೆತ್ತಿ ತಾಯಿಯನ್ನು ನೋಡಿದರು.

“ಯಾರವ್ವಾ ಅದು?” ಎಂದರು.